ವೇಗದ ಸೆಡಾನಿಗೆ ಬಲವಾದ ಬ್ರೇಕ್: ಎಲ್ಲಿಂದ ಆರಂಭಿಸಬೇಕು, ಹೇಗೆ ಅಳವಡಿಸಬೇಕು

ಶಕ್ತಿಶಾಲಿ ಎಂಜಿನ್ ಇರುವ ಸೆಡಾನನ್ನು ರೇಸ್ ಟ್ರ್ಯಾಕಿನಲ್ಲೋ ಉದ್ದನೆಯ ಬೆಟ್ಟದ ಇಳಿಜಾರಿನಲ್ಲೋ ಬಿರುಸಾಗಿ ಓಡಿಸುವವರಿಗೆ ಕಾರಿನ ಮೂಲ ಬ್ರೇಕಿನ ಮಿತಿ ಎಲ್ಲಿದೆ ಎಂಬುದು ಬೇಗನೆ ತಿಳಿದುಬರುತ್ತದೆ. ಬ್ರೇಕ್ ಬದಲಿಸಲು ಹೊರಟವರ ಕಣ್ಣು ಸಾಮಾನ್ಯವಾಗಿ ಮೊದಲು ಬೀಳುವುದು ಆರು ಪಿಸ್ಟನ್ನಿನ ದೊಡ್ಡ ಕೆಂಪು ಕ್ಯಾಲಿಪರಿನ ಮೇಲೆ, ಎಂದರೆ ಆಯಿಲಿನ ಒತ್ತಡಕ್ಕೆ ಸರಿಯುವ ಪಿಸ್ಟನ್ನುಗಳಿಂದ ಪ್ಯಾಡುಗಳನ್ನು ತಳ್ಳಿ, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಅದುಮಿ ಹಿಡಿಯುವ ಭಾಗದ ಮೇಲೆ. ಆದರೆ ಹಾಕಿದ ಹಣ ಸಾರ್ಥಕವಾಗಬೇಕಾದರೆ ಈಗಿರುವ ಬ್ರೇಕ್ ಯಾವ ಭಾಗದಲ್ಲಿ ಸೋಲುತ್ತಿದೆ ಎಂಬುದನ್ನು ಮೊದಲು ಪತ್ತೆಹಚ್ಚಿ, ಆ ಭಾಗವನ್ನಷ್ಟೇ ಬದಲಿಸಿ, ಅದೂ ಸಾಲದಾದಾಗ ಮಾತ್ರ ಮುಂದಿನದಕ್ಕೆ ಕೈಹಾಕಬೇಕು. ದೊಡ್ಡ ಕ್ಯಾಲಿಪರ್ ಬರುವುದು ಈ ಸಾಲಿನ ಕೊನೆಯಲ್ಲಿ.

ಬ್ರೇಕಿನ ಕೆಲಸ ಕಾರಿನ ಚಲನಶಕ್ತಿಯನ್ನು ಶಾಖವನ್ನಾಗಿ ಪರಿವರ್ತಿಸಿ ಗಾಳಿಗೆ ಬಿಡುವುದು. 1600 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿ ಸುಮಾರು 6.2 ಲಕ್ಷ ಜೂಲ್ ಶಕ್ತಿ ಇರುತ್ತದೆ. ವೇಗ 200 ಕಿ.ಮೀ. ಆದರೆ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಿ ಸುಮಾರು 25 ಲಕ್ಷ ಜೂಲ್ ತಲುಪುತ್ತದೆ. ಇದರ ಶೇ. 70ರಷ್ಟು ಭಾರ ಮುಂದಿನ ಬ್ರೇಕುಗಳ ಮೇಲೆ ಬೀಳುತ್ತದೆ ಎಂದೂ, ಒಂದೊಂದು ಮುಂದಿನ ಡಿಸ್ಕಿನ ತೂಕ ಹತ್ತು ಕಿಲೋ ಎಂದೂ ಇಟ್ಟುಕೊಂಡರೆ, 100ರಿಂದ ಒಮ್ಮೆ ಪೂರ್ತಿ ನಿಲ್ಲಿಸಿದಾಗ ಡಿಸ್ಕಿನ ಉಷ್ಣತೆ 45ರಿಂದ 50 ಡಿಗ್ರಿಯಷ್ಟು ಏರುತ್ತದೆ, 200ರಿಂದ ನಿಲ್ಲಿಸಿದಾಗ 190 ಡಿಗ್ರಿಯ ಆಸುಪಾಸಿನಲ್ಲಿ ಏರುತ್ತದೆ. ಒಂದು ಸಲಕ್ಕೆ ಇದು ದೊಡ್ಡ ಸಂಗತಿಯಲ್ಲ. ಡಿಸ್ಕ್ ತಣಿಯುವ ಮೊದಲೇ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಶಾಖ ಒಂದರ ಮೇಲೊಂದು ಪೇರುತ್ತಾ ಹೋಗುವುದೇ ತೊಂದರೆ.

ಒಂದೇ ಒಂದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಟೈರಿನ ಹಿಡಿತ. ಪೆಡಲನ್ನು ಬಲವಾಗಿ ಒತ್ತಿದಾಗ ಎಬಿಎಸ್ (ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಆರಂಭಿಸುತ್ತಿದ್ದರೆ, ಚಕ್ರವನ್ನು ಜಾಮ್ ಮಾಡುವಷ್ಟು ಬಲ ಈಗಿನ ಬ್ರೇಕಿನಲ್ಲೇ ಇದೆ ಎಂದರ್ಥ. ಅಂಥ ಕಾರಿಗೆ ದೊಡ್ಡ ಡಿಸ್ಕ್ ಹಾಕಿದ ಮಾತ್ರಕ್ಕೆ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ. ಒಳ್ಳೆಯ ಟೈರು ಹಾಕಿದರೆ ಆಗುತ್ತದೆ. ದೊಡ್ಡ ಬ್ರೇಕ್ ಕೊಡುವ ಲಾಭವೇ ಬೇರೆ: ಹತ್ತನೆಯ ಸಲ ಒತ್ತಿದಾಗಲೂ ಮೊದಲ ಸಲದಂತೆಯೇ ಕೆಲಸ ಮಾಡುವ ಸ್ಥಿರತೆ ಮತ್ತು ಪಾದಕ್ಕೆ ಸಿಗುವ ಸ್ಪಷ್ಟವಾದ ಅನುಭವ.

ಸೋಲುತ್ತಿರುವುದು ಯಾವುದು?

ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದು, ಎಷ್ಟು ಒತ್ತಿದರೂ ಕಾರಿನ ವೇಗ ತಗ್ಗದಿದ್ದರೆ ಪ್ಯಾಡುಗಳು ತಮ್ಮ ಉಷ್ಣತೆಯ ಮಿತಿಯನ್ನು ದಾಟಿವೆ. ಅವುಗಳ ಘರ್ಷಣೆಯ ಗುಣ ಕುಸಿದಿದೆ. ಇದಕ್ಕೆ ವ್ಯತಿರಿಕ್ತವಾಗಿ, ಬಿಸಿಯಾದ ಬಳಿಕ ಪೆಡಲ್ ಮೆತ್ತಗಾಗಿ ನೆಲದವರೆಗೂ ಇಳಿಯುತ್ತಿದ್ದರೆ ಕ್ಯಾಲಿಪರಿನೊಳಗೆ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಹಾಗಾಗಿ ಪಾದದ ಬಲವೆಲ್ಲ ಆ ಗುಳ್ಳೆಗಳನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಎರಡರಲ್ಲಿ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಮುನ್ಸೂಚನೆಗೂ ಪೂರ್ಣ ವೈಫಲ್ಯಕ್ಕೂ ನಡುವೆ ಒಂದು ತಿರುವಿನಷ್ಟೇ ಅಂತರ ಇರಬಹುದು.

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಅದುರುವುದು ಮೂರನೆಯ ಲಕ್ಷಣ. ಇದನ್ನು ಡಿಸ್ಕ್ ಬಾಗಿರುವುದೆಂದು ಹೇಳುವ ರೂಢಿಯಿದೆ. ಬಹುತೇಕ ಸಂದರ್ಭಗಳಲ್ಲಿ ನಿಜವಾದ ಕಾರಣ ಡಿಸ್ಕಿನ ಮೇಲೆ ಪ್ಯಾಡಿನ ಪದಾರ್ಥ ಸಮವಾಗಿ ಹರಡದೆ ಅಲ್ಲಲ್ಲಿ ಅಂಟಿರುವುದು, ಅಥವಾ ಡಿಸ್ಕಿನ ದಪ್ಪದಲ್ಲಿ ಸೂಕ್ಷ್ಮ ವ್ಯತ್ಯಾಸ ಉಂಟಾಗಿರುವುದು. ಪ್ಯಾಡುಗಳು ಓರೆಯಾಗಿ ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ಬಿಗಿದಿರಬಹುದು, ಇಲ್ಲವೇ ಅತಿಯಾದ ಒತ್ತಡಕ್ಕೆ ಕ್ಯಾಲಿಪರಿನ ದೇಹವೇ ಹಿಗ್ಗುತ್ತಿರಬಹುದು.

ಹೊಸದನ್ನು ಕೊಳ್ಳುವ ಮುನ್ನ ಇರುವ ಬ್ರೇಕನ್ನು ಅದರ ಮೂಲ ಸ್ಥಿತಿಗೆ ತನ್ನಿ. ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಅಚ್ಚಾಗಿರುವ ಕನಿಷ್ಠ ದಪ್ಪವನ್ನು ಓದಿ, ಮೈಕ್ರೋಮೀಟರಿನಿಂದ ಹಲವು ಕಡೆ ಅಳೆದು ನೋಡಿ. ಜಾರುವ ಪಿನ್ನುಗಳನ್ನು ಹೊರತೆಗೆದು ಸ್ವಚ್ಛಗೊಳಿಸಿ, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸನ್ನು ಹಚ್ಚಿ. ಬ್ರೇಕ್ ಹಾಳಾಗಿದೆ ಎಂದುಕೊಂಡ ಕಾರುಗಳಲ್ಲಿ ಕೆಲವು ಈ ಹಂತದಲ್ಲೇ ಗುಣವಾಗುತ್ತವೆ.

ಆಯಿಲ್ ಮತ್ತು ಪ್ಯಾಡ್

ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಭದ್ರತೆ ಕೊಡುವುದು ಬ್ರೇಕ್ ಆಯಿಲ್. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಟ್ 4 ಕನಿಷ್ಠ 230ರವರೆಗೂ, ಡಾಟ್ 5.1 ಕನಿಷ್ಠ 260ರವರೆಗೂ ಕುದಿಯದೆ ಇರಬೇಕೆಂಬುದು ನಿಯಮ. ಇವು ಗಾಳಿಯ ತೇವಾಂಶವನ್ನು ಹೀರಿಕೊಳ್ಳುವ ದ್ರವಗಳಾದುದರಿಂದ, ಶೇ. 3.7ರಷ್ಟು ನೀರು ಸೇರಿದಾಗ ಈ ಕನಿಷ್ಠ ಮಿತಿಗಳು ಕ್ರಮವಾಗಿ 140, 155 ಮತ್ತು 180 ಡಿಗ್ರಿಗೆ ಇಳಿಯುತ್ತವೆ. ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿದ ಅಂಕಿಗಿಂತ ಈ ಎರಡನೆಯ ಅಂಕಿಯನ್ನೇ ನೋಡಿ ಕೊಳ್ಳುವುದು, ದಿನನಿತ್ಯವೂ ಓಡುವ ಕಾರಿಗೆ, ಜಾಣತನ. ರೇಸಿಗೆಂದೇ ತಯಾರಾದ ಕೆಲವು ಆಯಿಲ್‌ಗಳು ಹೊಸದಾಗಿದ್ದಾಗ 300 ಡಿಗ್ರಿಯನ್ನೂ ಮೀರಿ ತಡೆಯುತ್ತವೆ, ಆದರೆ ಅವನ್ನು ಪದೇಪದೇ ಬದಲಿಸಬೇಕು. ಡಾಟ್ 5 ಎಂದಷ್ಟೇ ಬರೆದಿರುವುದು ಸಿಲಿಕೋನ್ ಮೂಲದ್ದು. ಅದನ್ನು ಉಳಿದವುಗಳ ಜೊತೆ ಬೆರೆಸಬಾರದು, ಎಬಿಎಸ್ ಇರುವ ಕಾರಿಗೆ ಸಾಮಾನ್ಯವಾಗಿ ಹಾಕಲೂಬಾರದು. ತಯಾರಕರು ತೆಳುವಾದ, ಕಡಿಮೆ ಸ್ನಿಗ್ಧತೆಯ ಡಾಟ್ 4 ಆಯಿಲನ್ನೇ ಸೂಚಿಸಿದ್ದರೆ ಅದಕ್ಕೆ ಬದ್ಧರಾಗಿರಿ, ಏಕೆಂದರೆ ಎಬಿಎಸ್ ಮತ್ತು ಸ್ಥಿರತಾ ನಿಯಂತ್ರಣದ ಕವಾಟಗಳ ಚುರುಕು ಅದನ್ನು ಅವಲಂಬಿಸಿದೆ.

ಪ್ಯಾಡಿನ ಆಯ್ಕೆಯಲ್ಲಿ ರಾಜಿ ಅನಿವಾರ್ಯ. ದಿನಬಳಕೆಯ ಸಿರಾಮಿಕ್ ಪ್ಯಾಡು ಸದ್ದಿಲ್ಲದೆ, ಹೆಚ್ಚು ಧೂಳಿಲ್ಲದೆ, ತಣ್ಣಗಿರುವಾಗಲೇ ಚೆನ್ನಾಗಿ ಹಿಡಿಯುತ್ತದೆ; ಆದರೆ ಟ್ರ್ಯಾಕಿನ ಶಾಖವನ್ನು ಬಹಳ ಹೊತ್ತು ತಾಳುವುದಿಲ್ಲ. ಲೋಹದ ಅಂಶ ಹೆಚ್ಚಿರುವ ಪ್ಯಾಡು ಶಾಖವನ್ನು ತಾಳುತ್ತದೆ, ಕಿರುಗುಟ್ಟುತ್ತದೆ, ಚಕ್ರವನ್ನು ಕಪ್ಪಾಗಿಸುತ್ತದೆ, ಡಿಸ್ಕನ್ನೂ ಬೇಗ ಸವೆಸುತ್ತದೆ. ಪೂರ್ಣ ಟ್ರ್ಯಾಕ್ ಪ್ಯಾಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಅದನ್ನು ರಸ್ತೆಯ ಮೇಲೆ ಬಳಸಬೇಡಿ. ಬೆಳಗಿನ ಚಳಿಯಲ್ಲಿ ಮೊದಲ ಸಿಗ್ನಲ್ ಬಳಿ ಬ್ರೇಕ್ ಒತ್ತಿದಾಗ ಅದು ಇನ್ನೂ ಬಿಸಿಯೇ ಆಗಿರುವುದಿಲ್ಲ. ಆಗ ಅದು ಕಾರಿನ ಜೊತೆ ಬಂದ ಸಾಧಾರಣ ಪ್ಯಾಡಿಗಿಂತಲೂ ಕಳಪೆಯಾಗಿ ಕೆಲಸ ಮಾಡಬಹುದು. ಎರಡೂ ಬೇಕೆನ್ನುವವರು ಎರಡು ಜೊತೆ ಪ್ಯಾಡುಗಳನ್ನು ಇಟ್ಟುಕೊಂಡು ಟ್ರ್ಯಾಕಿಗೆ ಹೋದಾಗ ಬದಲಿಸುವುದು ಒಳ್ಳೆಯದು, ಆದರೆ ಬೇರೆ ಬೇರೆ ಪದಾರ್ಥಗಳ ಪ್ಯಾಡುಗಳನ್ನು ಒಂದೇ ಡಿಸ್ಕಿನ ಮೇಲೆ ಬಳಸಿದಾಗ ಪ್ರತಿ ಸಲವೂ ಹೊಸದಾಗಿ ಪಳಗಿಸಬೇಕಾಗುತ್ತದೆ, ಎಂದರೆ ಪ್ಯಾಡಿನ ಪದರ ಡಿಸ್ಕಿನ ಮೇಲೆ ಸಮವಾಗಿ ಕೂರುವಂತೆ ಮಾಡಬೇಕಾಗುತ್ತದೆ. ರಸ್ತೆಗೆ ಕೊಳ್ಳುವ ಪ್ಯಾಡಿಗೆ ಆರ್90 ಎಂಬ ಅಂತರರಾಷ್ಟ್ರೀಯ ಅನುಮೋದನೆ ಇದೆಯೇ ಎಂದು ನೋಡಿ. ಮುಂದಿನ ಪ್ಯಾಡುಗಳನ್ನು ಮಾತ್ರ ಬಲವಾದವಕ್ಕೆ ಬದಲಿಸಿ ಹಿಂದಿನವನ್ನು ಹಾಗೆಯೇ ಬಿಡುವುದು ಸಮತೋಲವನ್ನು ಕೆಡಿಸುತ್ತದೆ. ನಾಲ್ಕೂ ಚಕ್ರಗಳಿಗೆ ಒಂದೇ ಶ್ರೇಣಿಯವನ್ನು ಹಾಕುವುದು ಲೇಸು.

ಹೋಸ್, ಡಿಸ್ಕ್, ತಂಪು ಗಾಳಿ

ಉಕ್ಕಿನ ಹೆಣಿಗೆಯ ಹೊದಿಕೆಯಿರುವ ಹೋಸ್ ಒತ್ತಡಕ್ಕೆ ಹಿಗ್ಗುವುದು ಕಡಿಮೆಯಾದ್ದರಿಂದ ಪೆಡಲ್ ಗಟ್ಟಿಯೆನಿಸುತ್ತದೆ. ಅದು ಬ್ರೇಕಿನ ಬಲವನ್ನೇನೂ ಹೆಚ್ಚಿಸುವುದಿಲ್ಲ. ಹಳೆಯ ರಬ್ಬರ್ ಹೋಸುಗಳು ಬಿರುಕು ಬಿಟ್ಟಿದ್ದರೆ ಬದಲಾವಣೆ ಹೇಗೂ ಅಗತ್ಯ.

ಡಿಸ್ಕಿನಲ್ಲಿ ರಂಧ್ರಗಳಿರುವುದು ಚೆಂದ ಕಾಣುತ್ತದೆ, ಮಳೆಯಲ್ಲಿ ನೀರನ್ನು ಬೇಗ ಹೊರಹಾಕುತ್ತದೆ. ಆದರೆ ಎರಕದ ಕಬ್ಬಿಣದ ಡಿಸ್ಕ್ ಪದೇಪದೇ ಕಾದು ತಣಿದಾಗ ಬಿರುಕು ಹುಟ್ಟುವುದು ಆ ರಂಧ್ರಗಳ ಅಂಚಿನಿಂದಲೇ. ಟ್ರ್ಯಾಕಿಗೆ ಗೀರು ಕೊರೆದ ಡಿಸ್ಕು, ಇಲ್ಲವೇ ಏನೂ ಇಲ್ಲದ ನಯವಾದ ಡಿಸ್ಕು ಸಾಕು. ನಡುಭಾಗ ಅಲ್ಯೂಮಿನಿಯಮ್ಮಿನದಾಗಿದ್ದು ಹೊರಗಿನ ಉಂಗುರ ಮಾತ್ರ ಕಬ್ಬಿಣದ್ದಾಗಿರುವ ಎರಡು ತುಂಡಿನ ಡಿಸ್ಕ್ ತೂಕವನ್ನು ಇಳಿಸುವುದಲ್ಲದೆ, ಬಿಸಿಯಾದಾಗ ಉಂಗುರ ಸ್ವತಂತ್ರವಾಗಿ ಹಿಗ್ಗಲು ಅವಕಾಶ ಕೊಡುತ್ತದೆ. ಡಿಸ್ಕಿನ ಒಳಗಿನ ಗಾಳಿಯ ಕಾಲುವೆಗಳು ಬಾಗಿದ್ದರೆ ಎಡಕ್ಕೆ ಮತ್ತು ಬಲಕ್ಕೆ ಬೇರೆ ಬೇರೆ ಡಿಸ್ಕುಗಳಿರುತ್ತವೆ: ಕೇಂದ್ರದಿಂದ ಅಂಚಿನ ಕಡೆಗೆ ಹೋದಂತೆ ಆ ಕಾಲುವೆಗಳು ತಿರುಗುವ ದಿಕ್ಕಿಗೆ ವಿರುದ್ಧವಾಗಿ, ಹಿಂದಕ್ಕೆ ವಾಲಿರಬೇಕು. ಹೊರಮೈಯ ಗೀರುಗಳ ದಿಕ್ಕನ್ನು ನೋಡಿ ಎಡಬಲ ನಿರ್ಧರಿಸುವವರು ಇಲ್ಲಿ ಎಡವುತ್ತಾರೆ.

ಮುಂದಿನ ಬಂಪರಿನಿಂದ ಡಿಸ್ಕಿನ ಮಧ್ಯಭಾಗಕ್ಕೆ ಗಾಳಿ ಹಾಯಿಸುವ ಕೊಳವೆ ಅಗ್ಗದ, ಆದರೆ ಬಹಳ ಪರಿಣಾಮಕಾರಿಯಾದ ಉಪಾಯ. ಇದಕ್ಕೆ ವಿರುದ್ಧ ತುದಿಯಲ್ಲಿರುವುದು ಸಾಧಾರಣ ಕ್ಯಾಲಿಪರಿನ ಮೇಲೆ ಅಂಟಿಸುವ ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ಅದು ಶಾಖ ಹೊರಹೋಗುವ ದಾರಿಗೆ ಅಡ್ಡವಾಗುವುದನ್ನು ಬಿಟ್ಟರೆ ಬೇರೇನನ್ನೂ ಮಾಡುವುದಿಲ್ಲ.

ದೊಡ್ಡ ಕಿಟ್ ಆರಿಸುವಾಗ ಮಾಡಬೇಕಾದ ಲೆಕ್ಕ

ಇಷ್ಟೆಲ್ಲ ಮಾಡಿದ ಮೇಲೂ ಶಾಖ ಗೆಲ್ಲುತ್ತಿದ್ದರೆ ದೊಡ್ಡ ಡಿಸ್ಕ್ ಮತ್ತು ಸ್ಥಿರ ಕ್ಯಾಲಿಪರುಗಳ (ಜಾರದೆ, ಡಿಸ್ಕಿನ ಎರಡೂ ಬದಿಯಲ್ಲಿ ಪಿಸ್ಟನ್ನುಗಳಿರುವ ಕ್ಯಾಲಿಪರುಗಳ) ಕಿಟ್ ಸಮರ್ಥನೀಯ. ಒಂದು ಚಕ್ರದ ಬ್ರೇಕಿನ ಬಲ ನಾಲ್ಕು ಅಂಶಗಳ ಗುಣಲಬ್ಧ: ಆಯಿಲಿನ ಒತ್ತಡ, ಪಿಸ್ಟನ್ನಿನ ವಿಸ್ತೀರ್ಣ, ಪ್ಯಾಡಿನ ಘರ್ಷಣಾಂಕ ಮತ್ತು ಪ್ಯಾಡ್ ಡಿಸ್ಕನ್ನು ಹಿಡಿಯುವ ಜಾಗದ ತ್ರಿಜ್ಯ. ಪಿಸ್ಟನ್ನುಗಳ ಸಂಖ್ಯೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ. 60 ಮಿ.ಮೀ. ವ್ಯಾಸದ ಒಂದೇ ಪಿಸ್ಟನ್ ಇರುವ ಜಾರುವ ಕ್ಯಾಲಿಪರಿನ ವಿಸ್ತೀರ್ಣ 2827 ಚದರ ಮಿ.ಮೀ.; 42 ಮಿ.ಮೀ. ವ್ಯಾಸದ ನಾಲ್ಕು ಪಿಸ್ಟನ್ನುಗಳಿರುವ ಸ್ಥಿರ ಕ್ಯಾಲಿಪರಿನಲ್ಲಿ, ಲೆಕ್ಕಕ್ಕೆ ಹಿಡಿಯಬೇಕಾದ ಒಂದು ಬದಿಯ ಎರಡು ಪಿಸ್ಟನ್ನುಗಳ ವಿಸ್ತೀರ್ಣ 2771 ಚದರ ಮಿ.ಮೀ. ಎರಡೂ ಹೆಚ್ಚುಕಡಿಮೆ ಸಮ. ನಾಲ್ಕು ಪಿಸ್ಟನ್ನುಗಳ ಲಾಭ ಇರುವುದು ಕ್ಯಾಲಿಪರಿನ ಬಿಗುವಿನಲ್ಲಿ, ಒತ್ತಡ ಪ್ಯಾಡಿನ ಉದ್ದಕ್ಕೂ ಸಮನಾಗಿ ಹಂಚಿಹೋಗುವುದರಲ್ಲಿ, ಮತ್ತು ದೊಡ್ಡ ಪ್ಯಾಡಿಗೆ ಜಾಗ ಸಿಗುವುದರಲ್ಲಿ.

ಈ ಲೆಕ್ಕ ಏಕೆ ಬೇಕೆಂದರೆ, ಮುಂದಿನ ಮತ್ತು ಹಿಂದಿನ ಬ್ರೇಕುಗಳ ಪಾಲನ್ನು ಕಾರ್ಖಾನೆಯ ಎಂಜಿನಿಯರುಗಳು ತೂಕದ ಹಂಚಿಕೆಗೆ ಹೊಂದಿಸಿ ನಿಗದಿ ಮಾಡಿರುತ್ತಾರೆ. ಮುಂದಿನ ಡಿಸ್ಕಿನ ಕಾರ್ಯಕಾರಿ ತ್ರಿಜ್ಯ 125 ಮಿ.ಮೀ.ನಿಂದ 150ಕ್ಕೆ ಏರಿ, ಪಿಸ್ಟನ್ನಿನ ವಿಸ್ತೀರ್ಣ ಹಾಗೆಯೇ ಉಳಿದರೆ ಮುಂದಿನ ಬಲ ಶೇ. 20ರಷ್ಟು ಹೆಚ್ಚುತ್ತದೆ. ಆಗ ಮುಂದಿನ ಚಕ್ರಗಳು ಬೇಗ ಜಾಮ್ ಆಗುವ ಹಂತ ತಲುಪಿ ಎಬಿಎಸ್ ಎಚ್ಚರಗೊಳ್ಳುತ್ತದೆ, ಹಿಂದಿನ ಟೈರುಗಳ ಹಿಡಿತ ಪೂರ್ತಿ ಬಳಕೆಯಾಗುವುದಿಲ್ಲ, ದುಬಾರಿ ಕಿಟ್ ಹಾಕಿದ ಕಾರು ಮೊದಲಿಗಿಂತ ಹೆಚ್ಚು ದೂರ ಹೋಗಿ ನಿಲ್ಲುವ ಸಂಭವವೂ ಇರುತ್ತದೆ. ಆದುದರಿಂದಲೇ ಒಳ್ಳೆಯ ಕಿಟ್ ತಯಾರಕರು ಡಿಸ್ಕ್ ದೊಡ್ಡದಾದಷ್ಟು ಪಿಸ್ಟನ್ನುಗಳನ್ನು ಚಿಕ್ಕದಾಗಿಸಿ ಸಮತೋಲವನ್ನು ಉಳಿಸುತ್ತಾರೆ. ಪಿಸ್ಟನ್ನಿನ ವ್ಯಾಸಗಳನ್ನೂ, ನಿಮ್ಮ ಕಾರಿನ ಮೂಲ ಮಾಸ್ಟರ್ ಸಿಲಿಂಡರಿಗೆ (ಪೆಡಲಿನ ಬಲವನ್ನು ಆಯಿಲಿನ ಒತ್ತಡವಾಗಿಸುವ ಭಾಗಕ್ಕೆ) ಅವು ಹೊಂದುತ್ತವೆಯೇ ಎಂಬುದನ್ನೂ ಮಾರಾಟಗಾರರಿಂದ ಕೇಳಿ ತಿಳಿಯಿರಿ. ವಿಸ್ತೀರ್ಣ ಬಹಳ ಹೆಚ್ಚಿದರೆ ಹೆಚ್ಚು ಆಯಿಲ್ ಬೇಕಾಗಿ ಪೆಡಲ್ ಆಳಕ್ಕೆ ಇಳಿಯುತ್ತದೆ. ಈ ಅಂಕಿಗಳನ್ನು ಹೇಳಲಾಗದ ಮಾರಾಟಗಾರರಿಂದ ಕಿಟ್ ಕೊಳ್ಳದಿರುವುದೇ ಮೇಲು.

ಅದೇ ಮಾದರಿಯ ಹೆಚ್ಚು ಶಕ್ತಿಯ ಆವೃತ್ತಿಯಿಂದ ಬ್ರೇಕ್ ಭಾಗಗಳನ್ನು ತಂದು ಹಾಕುವುದು ಇನ್ನೊಂದು ದಾರಿ. ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರಿಗೆ ಅದರ ಎಸ್‌ಟಿಐ ಆವೃತ್ತಿಯ ಬ್ರೆಂಬೊ ಕ್ಯಾಲಿಪರುಗಳನ್ನು ಅಳವಡಿಸುವುದು ಇದಕ್ಕೆ ಚಿರಪರಿಚಿತ ಉದಾಹರಣೆ. ಇಲ್ಲಿಯೂ ಮುಂದಿನದನ್ನು ಮಾತ್ರ ತಂದು ಹಿಂದಿನದನ್ನು ಮರೆತರೆ ಮೇಲಿನ ಲೆಕ್ಕವೇ ಅನ್ವಯಿಸುತ್ತದೆ.

ಚಕ್ರದೊಳಗೆ ಜಾಗ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ಪರೀಕ್ಷಿಸಬೇಕು. 355 ಮಿ.ಮೀ. ಡಿಸ್ಕಿಗೆ ಸಾಮಾನ್ಯವಾಗಿ ಕನಿಷ್ಠ 18 ಇಂಚಿನ ಚಕ್ರ ಬೇಕಾಗುತ್ತದೆ, ಆದರೆ ವ್ಯಾಸವೊಂದೇ ಸಾಲದು, ಚಕ್ರದ ಕಡ್ಡಿಗಳು ಕ್ಯಾಲಿಪರಿನ ಮುಖಕ್ಕೆ ತಗುಲಬಾರದು. ತಯಾರಕರು ಕೊಡುವ ನಿಜ ಅಳತೆಯ ನಕ್ಷೆಯನ್ನು ಮುದ್ರಿಸಿ, ರಟ್ಟಿಗೆ ಅಂಟಿಸಿ ಕತ್ತರಿಸಿ, ಬಿಚ್ಚಿದ ಚಕ್ರದೊಳಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿ; ಎಲ್ಲ ಕಡೆಯೂ 3 ಮಿ.ಮೀ.ನಷ್ಟಾದರೂ ಅಂತರವಿರಲಿ. ಚಕ್ರದ ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕಗಳನ್ನು ಮರೆಯಬೇಡಿ. ಸ್ಟೆಪ್ನಿ ಚಿಕ್ಕದಿದ್ದರೆ ಅದು ಹೊಸ ಮುಂದಿನ ಬ್ರೇಕಿನ ಮೇಲೆ ಕೂರದೆಯೂ ಹೋಗಬಹುದು. ಆಗ ಮುಂದೆ ಪಂಕ್ಚರ್ ಆದರೆ, ನಾಲ್ಕೂ ಚಕ್ರಗಳ ಅಳತೆ ಒಂದೇ ಇರುವ ಕಾರಿನಲ್ಲಿ, ಹಿಂದಿನ ಚಕ್ರವನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕಬೇಕಾಗುತ್ತದೆ. ಮಾರ್ಪಾಡಿಗೆ ನಿಮ್ಮಲ್ಲಿನ ವಾಹನ ನಿಯಮಗಳ ಅನುಮತಿ ಇದೆಯೇ ಎಂಬುದನ್ನು ವಿಚಾರಿಸಿ, ವಿಮೆಯವರಿಗೂ ತಿಳಿಸಿ.

ಅಳವಡಿಸುವ ಕ್ರಮ

ಟಾರ್ಕ್ ರೆಂಚ್, ಜಾಕ್ ಸ್ಟ್ಯಾಂಡುಗಳು, ಪೈಪಿನ ನಟ್ಟಿನ ಮೂಲೆಗಳನ್ನು ಸವೆಸದ ಫ್ಲೇರ್ ನಟ್ ಸ್ಪ್ಯಾನರ್, ಕಾರಿನ ದುರಸ್ತಿ ಕೈಪಿಡಿ ಇವು ಇಲ್ಲದೆ ಆರಂಭಿಸಬೇಡಿ. ಹಿಂದೆ ಬ್ರೇಕಿನ ಕೆಲಸ ಮಾಡಿಯೇ ಇಲ್ಲದವರು ಅನುಭವಿ ಮೆಕ್ಯಾನಿಕ್ ಜೊತೆಗಿದ್ದಾಗ ಮಾತ್ರ ಕೈಹಾಕಬೇಕು. ಸಮತಟ್ಟಾದ ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡೆ ಕೊಟ್ಟು, ಚಕ್ರದ ನಟ್ಟುಗಳನ್ನು ಸ್ವಲ್ಪ ಸಡಿಲಿಸಿದ ಬಳಿಕವೇ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ವಿದ್ಯುತ್ ಚಾಲಿತ ಪಾರ್ಕಿಂಗ್ ಬ್ರೇಕ್ ಇದ್ದರೆ ಹಿಂದಿನ ಕ್ಯಾಲಿಪರನ್ನು ಮುಟ್ಟುವ ಮೊದಲು ಅದನ್ನು ಸರ್ವಿಸ್ ಮೋಡಿಗೆ ಹಾಕಬೇಕು. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿಯನ್ನು ಬಿಚ್ಚದಿದ್ದರೆ, ಏನು ಎಲ್ಲಿತ್ತು ಎಂಬ ಅನುಮಾನ ಬಂದಾಗ ನೋಡಿಕೊಳ್ಳಲು ಒಂದು ಮಾದರಿ ಉಳಿದಿರುತ್ತದೆ.

ಬಿಚ್ಚಿದ ಕ್ಯಾಲಿಪರನ್ನು ಹೋಸಿನಿಂದ ನೇತಾಡಲು ಬಿಡದೆ ತಂತಿಯಿಂದ ಕಟ್ಟಿ. ಬ್ರೇಕಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಅದು ಶ್ವಾಸಕೋಶಕ್ಕೆ ಹೋಗಬಾರದ ಪುಡಿ. ಹಳೆಯ ಡಿಸ್ಕ್ ತೆಗೆದ ಮೇಲೆ ಹಬ್ಬಿನ (ಡಿಸ್ಕ್ ಮತ್ತು ಚಕ್ರ ಕೂರುವ ಭಾಗದ) ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಪೂರ್ತಿ ಕೆರೆದು ತೆಗೆಯಬೇಕು. ಅಲ್ಲಿ ಉಳಿದ ಒಂದು ಚಿಕ್ಕ ತುಕ್ಕಿನ ಚಕ್ಕೆ ಡಿಸ್ಕನ್ನು ಓರೆಯಾಗಿ ಕೂರಿಸಿ, ಕೆಲವು ಸಾವಿರ ಕಿಲೋಮೀಟರುಗಳಲ್ಲಿ ಸ್ಟೀರಿಂಗ್ ಅದುರುವಂತೆ ಮಾಡುತ್ತದೆ. ಹೊಸ ಡಿಸ್ಕಿನ ಮೇಲಿನ ತುಕ್ಕುನಿರೋಧಕ ಲೇಪವನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ಚಕ್ರದ ನಟ್ಟುಗಳಿಂದ ಬಿಗಿದು, ಡಯಲ್ ಗೇಜಿನಿಂದ ಓಲಾಟವನ್ನು ಅಳೆಯಿರಿ. ಅನೇಕ ಕಾರುಗಳಲ್ಲಿ ಅದು 0.05 ಮಿ.ಮೀ.ನ ಆಸುಪಾಸಿನಲ್ಲಿರಬೇಕೆಂಬ ನಿಯಮವಿದೆ, ನಿಮ್ಮ ಕೈಪಿಡಿಯ ಅಂಕಿಯೇ ಅಂತಿಮ.

ಕ್ಯಾಲಿಪರಿನ ಬ್ರ್ಯಾಕೆಟ್ಟನ್ನು ಸೂಚಿಸಿದ ಟಾರ್ಕಿಗೆ ಬಿಗಿಯಿರಿ. ಒಮ್ಮೆ ಮಾತ್ರ ಬಳಸಬೇಕೆಂದು ಹೇಳಿರುವ ಬೋಲ್ಟುಗಳನ್ನು ಹೊಸದಾಗಿಯೇ ಹಾಕಿ. ಡಿಸ್ಕ್ ಕ್ಯಾಲಿಪರಿನ ಸರಿಯಾದ ನಡುವಿನಲ್ಲಿ ಬರುವಂತೆ, ಅಗತ್ಯವಿದ್ದರೆ ಕಿಟ್‌ನ ಜೊತೆ ಬಂದ ತೆಳು ವಾಷರುಗಳನ್ನು ಸೇರಿಸಿ ಹೊಂದಿಸಬೇಕು, ಮತ್ತು ಪ್ಯಾಡಿನ ಮೇಲಂಚು ಡಿಸ್ಕಿನಿಂದ ಆಚೆ ಚಾಚಿಕೊಂಡಿರಬಾರದು. ಹೋಸ್ ಜೋಡಿಸುವಾಗ ಹೊಸ ತಾಮ್ರದ ವಾಷರುಗಳನ್ನು ಎರಡೂ ಬದಿಗೆ ಹಾಕಿ, ಹೋಸ್ ತಿರುಚಿಕೊಂಡಿಲ್ಲವೆಂದು ನೋಡಿ, ಸ್ಟೀರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಇಳಿಬಿದ್ದಾಗಲೂ ಅದುಮಿದಾಗಲೂ ಹೋಸ್ ಬಿಗಿಯುವುದಿಲ್ಲ, ಯಾವುದಕ್ಕೂ ಉಜ್ಜುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಈ ಹೊತ್ತಿನಲ್ಲೆಲ್ಲ ಮೇಲಿನ ಆಯಿಲ್ ಡಬ್ಬಿ ಬರಿದಾಗಬಾರದು. ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ, ಇಲ್ಲವಾದರೆ ಬಣ್ಣ ಕಿತ್ತುಬರುತ್ತದೆ.

ಆಯಿಲಿನೊಳಗೆ ಸೇರಿದ ಗಾಳಿಯನ್ನು ತೆಗೆಯುವ (ಬ್ಲೀಡ್ ಮಾಡುವ) ಮೊದಲು, ಆ ಗಾಳಿ ಹೊರಬರುವ ಬ್ಲೀಡರ್ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿದೆಯೇ ಎಂದು ನೋಡಿ. ಅದು ಕೆಳಗಿದ್ದರೆ ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದೆ. ಎಷ್ಟು ಹೊತ್ತು ಬ್ಲೀಡ್ ಮಾಡಿದರೂ ಮೇಲೆ ಕೂತ ಗಾಳಿ ಹೊರಬರುವುದಿಲ್ಲ. ಒಳಗೂ ಹೊರಗೂ ಎರಡು ನಿಪ್ಪಲ್ಲುಗಳಿದ್ದರೆ ಎರಡರಿಂದಲೂ ತೆಗೆಯಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುತ್ತಾರೆ, ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಒಳಗೆ ಕೂತವರು ಪೆಡಲ್ ಒತ್ತಿ ಹಿಡಿಯಬೇಕು, ಹೊರಗಿನವರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು, ಬಿಗಿದೆ ಎಂದು ಹೇಳಿದ ಮೇಲಷ್ಟೇ ಪೆಡಲ್ ಬಿಡಬೇಕು. ಹಳೆಯ ಕಾರಿನಲ್ಲಿ ಪೆಡಲ್ ನೆಲ ಮುಟ್ಟದಂತೆ ಕೆಳಗೆ ಒಂದು ಮರದ ತುಂಡು ಇಡಿ, ಏಕೆಂದರೆ ಮಾಸ್ಟರ್ ಸಿಲಿಂಡರಿನ ಎಂದೂ ಬಳಕೆಯಾಗದ ತುದಿಯಲ್ಲಿ ತುಕ್ಕಿದ್ದರೆ ಸೀಲು ಹರಿಯಬಹುದು. ಎಬಿಎಸ್ ಘಟಕದೊಳಗೆ ಗಾಳಿ ಸೇರಿದ್ದರೆ ಸ್ಕ್ಯಾನರ್ ಜೋಡಿಸಿ ಅದರ ಪಂಪನ್ನು ಓಡಿಸದೆ ಪೆಡಲ್ ಗಟ್ಟಿಯಾಗುವುದಿಲ್ಲ.

ಕಾರನ್ನು ಒಂದಿಂಚೂ ಕದಲಿಸುವ ಮುನ್ನ ಪೆಡಲನ್ನು ಹಲವು ಸಲ ಒತ್ತಿ. ಪ್ಯಾಡು ಹಾಕಲು ಪಿಸ್ಟನ್ನುಗಳನ್ನು ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತು ನೇರವಾಗಿ ನೆಲ ಸೇರುತ್ತದೆ. ಆ ಮೊದಲ ಒತ್ತು ಗ್ಯಾರೇಜಿನ ಬಾಗಿಲ ಎದುರು ಬರಬಾರದು. ನಂತರ ಎಂಜಿನ್ ಚಾಲನೆಯಲ್ಲಿಟ್ಟು ಅರ್ಧ ನಿಮಿಷ ಬಲವಾಗಿ ಒತ್ತಿ ಹಿಡಿದು, ಇನ್ನೊಬ್ಬರಿಂದ ಪ್ರತಿಯೊಂದು ಜೋಡಣೆಯಲ್ಲೂ ಸೋರಿಕೆ ಇದೆಯೇ ಎಂದು ನೋಡಿಸಿ. ಪೆಡಲ್ ನಿಧಾನವಾಗಿ ಇಳಿಯುತ್ತಿದ್ದರೆ ಕಾರು ಹೊರಡುವಂತಿಲ್ಲ.

ಪಳಗಿಸುವುದು ಮತ್ತು ಆಮೇಲೆ

ಹೊಸ ಪ್ಯಾಡು ಮತ್ತು ಡಿಸ್ಕ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಪ್ಯಾಡಿನ ಪದಾರ್ಥದ ತೆಳುವಾದ, ಸಮನಾದ ಪದರ ಡಿಸ್ಕಿನ ಮೇಲೆ ಕೂರಬೇಕು. ಮೊದಲು ನಿಧಾನ ವೇಗದಲ್ಲಿ ಬ್ರೇಕ್ ಸರಿಯಿದೆಯೆಂದು ಖಚಿತಪಡಿಸಿಕೊಂಡು, ವಾಹನಗಳಿಲ್ಲದ ಸುರಕ್ಷಿತ ಜಾಗದಲ್ಲಿ ಗಂಟೆಗೆ 100 ಕಿ.ಮೀ.ನಿಂದ 15ರ ತನಕ ಬಲವಾಗಿ, ಆದರೆ ಎಬಿಎಸ್ ಕೆಲಸ ಮಾಡದಷ್ಟು ಹಿತವಾಗಿ, ಎಂಟು ಹತ್ತು ಸಲ ವೇಗ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಆಮೇಲೆ ಬ್ರೇಕನ್ನು ಆದಷ್ಟು ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಯಲು ಬಿಡಿ. ಬಿಸಿಯಾದ ಡಿಸ್ಕನ್ನು ಪ್ಯಾಡು ಕಚ್ಚಿಕೊಂಡು ನಿಂತರೆ ಅದೇ ಜಾಗದಲ್ಲಿ ಪದರ ದಪ್ಪನಾಗಿ ಅಂಟಿ, ಹಿಂದೆ ಹೇಳಿದ ಅದುರುವಿಕೆ ಹುಟ್ಟಿಕೊಳ್ಳುತ್ತದೆ. ಪಾರ್ಕಿಂಗ್ ಬ್ರೇಕನ್ನೂ ಆಗ ಹಾಕಬಾರದು. ಪ್ಯಾಡಿನ ತಯಾರಕರು ಬೇರೆ ವಿಧಾನ ಹೇಳಿದ್ದರೆ ಅದೇ ಸರಿ.

ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಟಾರ್ಕ್ ರೆಂಚಿನಿಂದ ಪರೀಕ್ಷಿಸಿ. ಟ್ರ್ಯಾಕಿಗೆ ಹೋಗುವ ಕಾರಿಗೆ ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಿ, ಪ್ರತಿ ಸಲ ಹೋಗುವ ಮುನ್ನ ಪ್ಯಾಡಿನ ದಪ್ಪವನ್ನು ನೋಡಿ. ಪ್ಯಾಡು ತೆಳುವಾದಷ್ಟೂ ಶಾಖ ಪಿಸ್ಟನ್ ಮತ್ತು ಆಯಿಲಿಗೆ ಬೇಗ ತಲುಪುತ್ತದೆ. ಡಿಸ್ಕಿನ ಮೇಲೆ ಕೂದಲೆಳೆಯಂಥ ಮೇಲ್ಪದರದ ಬಿರುಕುಗಳು ಸಹಜ, ಆದರೆ ಬಿರುಕು ಅಂಚನ್ನು ಮುಟ್ಟಿದ್ದರೆ ಅಥವಾ ಒಂದು ರಂಧ್ರದಿಂದ ಇನ್ನೊಂದಕ್ಕೆ ಸೇರಿದ್ದರೆ ಆ ಡಿಸ್ಕನ್ನು ಅಲ್ಲಿಗೇ ಬಿಡಬೇಕು. ಹೊಸ ಬ್ರೇಕ್ ನಿಜಕ್ಕೂ ಎಷ್ಟು ಬಿಸಿಯಾಗುತ್ತಿದೆ ಎಂದು ತಿಳಿಯಲು ಡಿಸ್ಕಿನ ಅಂಚಿಗೆ ಹಚ್ಚುವ, ನಿರ್ದಿಷ್ಟ ಉಷ್ಣತೆಯಲ್ಲಿ ಬಣ್ಣ ಬದಲಿಸುವ ಬಣ್ಣಗಳು ಸಿಗುತ್ತವೆ. ರೇಸಿನವರು ಸಾಮಾನ್ಯವಾಗಿ ಬಳಸುವ ಮೂರು ಬಣ್ಣಗಳಲ್ಲಿ ಹಸಿರು 430 ಡಿಗ್ರಿಗೂ, ಕಿತ್ತಳೆ 560ಕ್ಕೂ, ಕೆಂಪು 610ಕ್ಕೂ ಬದಲಾಗುತ್ತವೆ. ಟ್ರ್ಯಾಕಿನಿಂದ ಬಂದ ಮೇಲೆ ಹಸಿರೊಂದೇ ಬದಲಾಗಿದ್ದರೆ ಈಗಿರುವ ಪ್ಯಾಡು ಮುಂದುವರಿಯಲಿ. ಕೆಂಪೂ ಬದಲಾಗಿದ್ದರೆ, ಪ್ಯಾಡಿನ ಉಷ್ಣತೆಯ ಮಿತಿಯನ್ನು ಅದರ ಪಟ್ಟಿಯಲ್ಲಿ ನೋಡಿ, ಮುಂದಿನ ಸಲಕ್ಕೆ ಮುಂಚೆ ಗಾಳಿಯ ಕೊಳವೆಯನ್ನು ಅಳವಡಿಸಿ.